ತಾತನ ರೇಡಿಯೋ ಲೈಸೆನ್ಸು, ನನ್ನ ವೈ-ಫೈ

"ಇದಕ್ಕೆ ಲೈಸೆನ್ಸ್ ಬೇಡ್ವೇನೋ?"

ಅಪ್ಪ ಹೀಗೆ ಕೇಳಿದಾಗ ನಾನು ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೀತಿದ್ದೆ. ೨೦೨೦ರ ಜೂನ್ ತಿಂಗಳು. ಲಾಕ್‌ಡೌನ್ ಶುರುವಾದ ಮೇಲೆ ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ಮೈಸೂರಿಗೆ ಬಂದುಬಿಟ್ಟಿದ್ದೆ. ಆಫೀಸಿನ ಕೆಲಸವೆಲ್ಲ ಮನೆಯಿಂದಲೇ ಆಗಬೇಕು. ನಮ್ಮದು ವಿ.ವಿ. ಮೊಹಲ್ಲಾದ ಹಳೇ ಮನೆ. ಒಂದೂವರೆ ಅಡಿ ದಪ್ಪದ ಗೋಡೆಗಳು, ಉದ್ದಕ್ಕೆ ರೈಲಿನ ಹಾಗೆ ಒಂದರ ಹಿಂದೆ ಒಂದು ಕೋಣೆ. ಫೈಬರ್ ಹಾಕುವ ಹುಡುಗರು ಬಂದು, ಬೀದಿ ಕಡೆ ಕಿಟಕಿಯ ಪಕ್ಕ ಒಂದು ತೂತು ಕೊರೆದು, ರೂಟರ್ ಇಟ್ಟು ಹೋಗಿದ್ದರು. ಮುಂದಿನ ಕೋಣೆಯಲ್ಲಿ ಸಿಗ್ನಲ್ ಭರ್ತಿ. ನಡುಮನೆಗೆ ಬಂದರೆ ಎರಡು ಗೀಟು. ನಾನು ಕೂರುವ ಹಿಂದಿನ ಕೋಣೆಯಲ್ಲಿ ಸೊನ್ನೆ!

"ಲೈಸೆನ್ಸಾ? ಯಾವ ಕಾಲದಲ್ಲಿದ್ದೀಯಪ್ಪಾ?" ಅಂತ ನಕ್ಕೆ. ಅಪ್ಪ ನಗಲಿಲ್ಲ. ಒಳಗೆ ಹೋಗಿ ಬೀರುವಿನಿಂದ ಒಂದು ಸಣ್ಣ ಪುಸ್ತಕ ತಂದು ಕೈಗಿಟ್ಟರು. ಬ್ಯಾಂಕಿನ ಪಾಸ್‌ಬುಕ್ಕಿನಷ್ಟೇ ದೊಡ್ಡದು. ಒಳಗೆ ತಾತನ ಹೆಸರು, ಮನೆ ವಿಳಾಸ, ಪುಟದ ತುಂಬ ಅಂಚೆ ಕಚೇರಿಯ ಮೊಹರುಗಳು. ರೇಡಿಯೋ ಇಟ್ಟುಕೊಂಡಿರುವುದಕ್ಕೆ ಸರ್ಕಾರ ಕೊಟ್ಟ ಪರವಾನಗಿ! ವರ್ಷಕ್ಕೆ ಹದಿನೈದು ರೂಪಾಯಿ. "ನಮ್ಮಪ್ಪ ಪ್ರತಿ ವರ್ಷ ನನ್ನ ಕೈಲೇ ಕಳಿಸ್ತಿದ್ರು. ಒಂದು ವರ್ಷ ದುಡ್ಡಿಗೆ ತಾಪತ್ರಯ ಆಗಿ ಕಟ್ಟೋದು ತಡವಾಯ್ತು. ಕಟ್ಟೋ ತನಕ ರೇಡಿಯೋ ಹಾಕಲಿಲ್ಲ, ಮೇಲೆ ಬೆಡ್‌ಶೀಟ್ ಹೊದಿಸಿ ಇಟ್ಟಿದ್ರು. ಅದು ಬರೀ ಕೇಳೋ ಪೆಟ್ಟಿಗೆ ಕಣೋ. ನಿನ್ನ ಈ ಡಬ್ಬಿ ಕೇಳೋದೂ ಹೌದು, ಹೇಳೋದೂ ಹೌದು ಅಂತೀಯ. ಇದಕ್ಕೆ ಏನೂ ಬೇಡ್ವಾ?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಎರಡು ಮೂರು ಅಂಟೆನಾ ನಿಗುರಿಸಿಕೊಂಡು ಕೂತ ವೈ-ಫೈ ರೂಟರ್ ಒಂದು ಪುಟ್ಟ ರೇಡಿಯೋ ಸ್ಟೇಷನ್ನೇ. ಕೇಳೋಕ್ಕೇ ಲೈಸೆನ್ಸ್ ಬೇಕಿದ್ದ ದೇಶದಲ್ಲಿ ಪ್ರತಿ ಮನೆಯೂ ಪ್ರಸಾರ ಮಾಡಬಹುದು ಅಂತ ಯಾರು, ಯಾವಾಗ ಒಪ್ಪಿದರು? ಅವತ್ತು ರಾತ್ರಿ ಕೂತು ಹುಡುಕೋಕ್ಕೆ ಶುರು ಮಾಡಿದೆ. ಸಿಕ್ಕಿದ್ದನ್ನು ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

*

ಅಪ್ಪನ ಪುಸ್ತಕದ ಹಿಂದೆ ಇದ್ದದ್ದು ೧೮೮೫ರ ಟೆಲಿಗ್ರಾಫ್ ಕಾಯ್ದೆ ಮತ್ತು ೧೯೩೩ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ. ಎರಡೂ ಬ್ರಿಟಿಷರ ಕಾಲದವು. ಎರಡನೆಯದರ ಸಾರ ಒಂದೇ ಸಾಲಿನಲ್ಲಿ ಹೇಳಬಹುದು: ಲೈಸೆನ್ಸ್ ಇಲ್ಲದೆ ಯಾರೂ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವ ಹಾಗಿಲ್ಲ. ಉಪಯೋಗಿಸೋದು ಹಾಗಿರಲಿ, ಇಟ್ಟುಕೊಳ್ಳೋದೇ ತಪ್ಪು. ನಮ್ಮ ಮನೆಯ ಗಾಳಿಯಲ್ಲಿ ಓಡಾಡುವ ಅಲೆಗಳ ಯಜಮಾನ ಸರ್ಕಾರ. ಮನೆ ನಮ್ಮದಾದರೂ ಗಾಳಿ ನಮ್ಮದಲ್ಲ!

ಆದರೆ ಮೈಸೂರಿನವರಿಗೆ ಇಲ್ಲೊಂದು ಹೆಮ್ಮೆಯ ಕಥೆ ಇದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ತಮ್ಮ ಸ್ವಂತ ಮನೆ 'ವಿಠ್ಠಲ ವಿಹಾರ'ದಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಮುಂದೆ ಅದು ಮೈಸೂರು ಸಂಸ್ಥಾನದ ಕೈಗೆ ಬಂತು, ಆಮೇಲೆ ಆಲ್ ಇಂಡಿಯಾ ರೇಡಿಯೋಗೆ ಸೇರಿತು. ೧೯೫೦ರ ದಶಕದಲ್ಲಿ ಇಡೀ ದೇಶದ ರೇಡಿಯೋಗೇ 'ಆಕಾಶವಾಣಿ' ಅನ್ನೋ ಹೆಸರು ಬಂತು. ಒಬ್ಬ ಮೇಷ್ಟ್ರ ಮನೆಯೊಳಗೆ ಹುಟ್ಟಿದ ಹೆಸರು ದೆಹಲಿಯವರೆಗೂ ಹೋಯಿತು, ಆದರೆ ಮನೆಯಿಂದ ಪ್ರಸಾರ ಮಾಡುವ ಅವಕಾಶ ಮಾತ್ರ ಮನೆಗಳಿಗೆ ಉಳಿಯಲಿಲ್ಲ. ನಮಗೆ ಉಳಿದದ್ದು ಕೇಳುವ ಕೆಲಸ, ಅದಕ್ಕೂ ಹದಿನೈದು ರೂಪಾಯಿ! ಆ ರೇಡಿಯೋ ಲೈಸೆನ್ಸು ಪೂರ್ತಿ ಹೋಗಿದ್ದು ೧೯೮೦ರ ದಶಕದ ಮಧ್ಯದಲ್ಲಿ.

*

ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಬಾಗಿಲು ತೆರೀತು. ಅದನ್ನು ಹೇಳುವ ಮೊದಲು ಅಮ್ಮನ ಮೈಕ್ರೋವೇವ್ ಓವನ್ ವಿಷಯ ಹೇಳಬೇಕು.

ರೇಡಿಯೋ ಅಲೆಗಳ ಆಕಾಶವನ್ನು ಸರ್ಕಾರಗಳು ಸೈಟಿನ ಹಾಗೆ ಅಳೆದು ಹಂಚಿವೆ. ಇಷ್ಟು ಸೈನ್ಯಕ್ಕೆ, ಇಷ್ಟು ವಿಮಾನಕ್ಕೆ, ಇಷ್ಟು ಪೊಲೀಸರಿಗೆ, ಇಷ್ಟು ಟಿವಿಗೆ. ೧೯೪೭ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ಸೇರಿದಾಗ, ಕೆಲವು ತುಂಡುಗಳನ್ನು ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆ ಅಂತ ಬಿಟ್ಟರು. ಈ ಯಂತ್ರಗಳು ಮಾತಾಡೋದಿಲ್ಲ, ಬರೀ ಬಿಸಿ ಮಾಡ್ತವೆ, ಪಕ್ಕದಲ್ಲಿ ಇರೋರಿಗೆಲ್ಲ ಗದ್ದಲ ಮಾಡ್ತವೆ. ೨.೪ ಗಿಗಾಹರ್ಟ್ಸ್ ಹತ್ತಿರದ ತುಂಡು ಹೀಗೆ ಮೈಕ್ರೋವೇವ್ ಓವನ್ನಿನ ಪಾಲಾಯಿತು. ಅಷ್ಟು ಗಲಾಟೆಯಲ್ಲಿ ಮಾತಾಡೋಕ್ಕೆ ಯಾರಿಗೆ ಬೇಕು? ಹಾಗಾಗಿ ಅದು ಯಾರಿಗೂ ಬೇಡವಾದ ಜಾಗ.

ಹಳ್ಳಿ ಕಡೆಯವರಿಗೆ ಗೋಮಾಳ ಗೊತ್ತಲ್ಲ. ಯಾರ ಖಾತೆಗೂ ಇಲ್ಲ, ಬೇಲಿ ಇಲ್ಲ, ಎಲ್ಲರ ದನವೂ ಮೇಯಬಹುದು. ೧೯೮೫ರ ಮೇ ತಿಂಗಳಲ್ಲಿ ಅಮೆರಿಕದ ಸಂಪರ್ಕ ಆಯೋಗ (ಎಫ್‌ಸಿಸಿ) ಈ ಬೇಡವಾದ ತುಂಡುಗಳನ್ನು ಹೆಚ್ಚುಕಡಿಮೆ ಗೋಮಾಳ ಅಂತ ಘೋಷಿಸಿಬಿಟ್ಟಿತು. ಅಲ್ಲಿ ಎಂಜಿನಿಯರ್ ಆಗಿದ್ದ ಮೈಕೆಲ್ ಮಾರ್ಕಸ್ ಇದರ ಹಿಂದೆ ಬಿದ್ದು ದುಡಿದವರು. ಷರತ್ತು ಎರಡೇ. ಮೆಲ್ಲಗೆ ಮಾತಾಡಬೇಕು, ಅಂದರೆ ಕಡಿಮೆ ಶಕ್ತಿ ಬಳಸಬೇಕು. ಮತ್ತು ಒಂದೇ ಕಡೆ ಕೂತು ಕಿರುಚದೆ, ಮಾತನ್ನು ಅಗಲವಾಗಿ ಹರಡಬೇಕು. ಈ ಹರಡುವ ತಂತ್ರ ಅಲ್ಲಿಯವರೆಗೆ ಹೆಚ್ಚಾಗಿ ಸೈನ್ಯದ ಗುಟ್ಟಾಗಿತ್ತು.

ಇಲ್ಲಿ ಒಂದು ಮಾತು. 'ಹಾಲಿವುಡ್ ನಟಿ ಹೆಡಿ ಲಮಾರ್ ವೈ-ಫೈ ಕಂಡುಹಿಡಿದಳು' ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಅರ್ಧ ನಿಜ. ಆಕೆ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ೧೯೪೨ರಲ್ಲಿ ಪೇಟೆಂಟ್ ಪಡೆದದ್ದು ಟಾರ್ಪಿಡೋ ನಡೆಸುವ ಸಿಗ್ನಲ್ಲನ್ನು ೮೮ ತರಂಗಾಂತರಗಳಲ್ಲಿ ಹಾರಿಸುತ್ತಾ ಹೋಗುವ ಉಪಾಯಕ್ಕೆ. ಪಿಯಾನೋದಲ್ಲಿರೋ ಮಣೆಗಳೂ ೮೮ೇ! ಮೊದಲ ವೈರ್‌ಲೆಸ್ ನಿಯಮಾವಳಿಯಲ್ಲಿ ಇಂಥ ಹಾರುವ ವಿಧಾನವೂ ಒಂದು ಆಯ್ಕೆಯಾಗಿತ್ತು. ಆದರೆ ಮನೆಮನೆಗೆ ಬಂದ ವೈ-ಫೈ ಹಿಡಿದದ್ದು ಬೇರೆ ದಾರಿ. ಆಕೆಯ ಬುದ್ಧಿವಂತಿಕೆಗೆ ನಮಸ್ಕಾರ, ಆದರೆ ವೈ-ಫೈ ಒಬ್ಬರು ಹೆತ್ತ ಮಗು ಅಲ್ಲ.

*

ಗೋಮಾಳ ಸಿಕ್ಕಿತು ಸರಿ. ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರ ಮಾತು ಯಾರಿಗೆ ಕೇಳಬೇಕು?

ಇದಕ್ಕೆ ಉತ್ತರ ಆಗಲೇ ಹವಾಯಿ ದ್ವೀಪಗಳಲ್ಲಿ ಸಿದ್ಧವಾಗಿತ್ತು. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ೧೯೭೧ರ ಜೂನ್‌ನಲ್ಲಿ 'ಅಲೋಹಾನೆಟ್' ಶುರು ಮಾಡಿದರು. ದ್ವೀಪದಿಂದ ದ್ವೀಪಕ್ಕೆ ತಂತಿ ಎಳೆಯೋದು ಕಷ್ಟ, ಹಾಗಾಗಿ ರೇಡಿಯೋ ಮೂಲಕ ಕಂಪ್ಯೂಟರ್‌ಗಳನ್ನು ಜೋಡಿಸಿದರು. ಅವರ ನಿಯಮ ನಮ್ಮ ಮದುವೆ ಮನೆಯ ಜಗುಲಿಯ ಹಾಗೆ. ಹೇಳೋದಿದ್ದರೆ ಹೇಳಿಬಿಡು. ಕೇಳಿಸಿತು ಅಂತ ಉತ್ತರ ಬರದಿದ್ದರೆ ಇಬ್ಬರ ಮಾತು ಡಿಕ್ಕಿ ಹೊಡೆದಿದೆ ಅಂತ ಅರ್ಥ. ಆಗ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳು. ಎಷ್ಟು ಹೊತ್ತು ಅನ್ನೋದು ಲಾಟರಿ, ಇಲ್ಲದಿದ್ದರೆ ಇಬ್ಬರೂ ಮತ್ತೆ ಒಟ್ಟಿಗೇ ಬಾಯಿ ತೆರೀತಾರೆ. ಇವತ್ತಿನ ವೈ-ಫೈ ಇದಕ್ಕೆ ಇನ್ನೊಂದು ಮರ್ಯಾದೆ ಸೇರಿಸಿಕೊಂಡಿದೆ: ಬಾಯಿ ತೆರೆಯುವ ಮೊದಲು ಬೇರೆಯವರು ಮಾತಾಡ್ತಿದ್ದಾರಾ ಅಂತ ಕಿವಿ ಕೊಡೋದು. (ನಮ್ಮ ಟಿವಿ ಚರ್ಚೆಗಳಿಗೆ ಯಾರಾದರೂ ಇದನ್ನು ಹೇಳಿಕೊಡಬಾರದೇ...) ನಾನು ಮೈಸೂರಿನಲ್ಲಿ ರೂಟರ್ ಕಟ್ಟಿದ ಅದೇ ವರ್ಷ, ೨೦೨೦ರ ಡಿಸೆಂಬರ್‌ನಲ್ಲಿ ಅಬ್ರಾಮ್ಸನ್ ತೀರಿಕೊಂಡರು.

ಇನ್ನು ಗೋಮಾಳಕ್ಕೆ ಮೊದಮೊದಲು ದನ ಹೊಡೆದುಕೊಂಡು ಬಂದವರಲ್ಲಿ ಗಲ್ಲಾಪೆಟ್ಟಿಗೆ ಮಾರುವವರೂ ಇದ್ದರು! ಎನ್‌ಸಿಆರ್ ಅಂದರೆ ನ್ಯಾಷನಲ್ ಕ್ಯಾಶ್ ರಿಜಿಸ್ಟರ್. ದೊಡ್ಡ ಅಂಗಡಿಗಳಲ್ಲಿ ಹಬ್ಬಕ್ಕೊಮ್ಮೆ ಕೌಂಟರುಗಳ ಜಾಗ ಬದಲಾಯಿಸುವಾಗ ಪ್ರತಿ ಸಲ ತಂತಿ ಕಿತ್ತು ಹೊಸದಾಗಿ ಎಳೆಯಬೇಕಿತ್ತು. ತಂತಿಯೇ ಇಲ್ಲದಿದ್ದರೆ? ನೆದರ್ಲೆಂಡ್ಸ್‌ನಲ್ಲಿದ್ದ ಅವರ ತಂಡ 'ವೇವ್‌ಲ್ಯಾನ್' ಮಾಡಿತು. ಆದರೆ ಒಬ್ಬೊಬ್ಬರು ಒಂದೊಂದು ಭಾಷೆ ಮಾತಾಡಿದರೆ ಸಂತೆ ನಡೆಯಲ್ಲ ಅಂತ, ಅದೇ ತಂಡದ ವಿಕ್ಟರ್ ಹೇಯ್ಸ್ ಮುಂದಾಳತ್ವದಲ್ಲಿ ಎಲ್ಲ ಕಂಪನಿಗಳೂ ಸೇರಿ ಒಂದು ಸಾಮಾನ್ಯ ನಿಯಮಾವಳಿ ಬರೆಯೋಕ್ಕೆ ಕೂತರು. ೧೯೯೦ರಲ್ಲಿ ಕೂತವರು ಎದ್ದದ್ದು ೧೯೯೭ರಲ್ಲಿ. ಅದೇ 'ಐಇಇಇ ೮೦೨.೧೧'. ವೇಗ ಸೆಕೆಂಡಿಗೆ ಹೆಚ್ಚೆಂದರೆ ೨ ಮೆಗಾಬಿಟ್. ಎರಡು ವರ್ಷದಲ್ಲಿ '೮೦೨.೧೧ಬಿ' ಬಂದು ಅದು ೧೧ಕ್ಕೆ ಏರಿತು.

ಮನೆಗಳಿಗೆ ಇದು ಬರೋಕ್ಕೆ ದೊಡ್ಡ ತಳ್ಳು ಸಿಕ್ಕಿದ್ದು ೧೯೯೯ರ ಜುಲೈನಲ್ಲಿ. ಆಪಲ್‌ನ ಸ್ಟೀವ್ ಜಾಬ್ಸ್ ನ್ಯೂಯಾರ್ಕಿನ ವೇದಿಕೆಯ ಮೇಲೆ ಐಬುಕ್ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಾಡುತ್ತಲೇ ಇಂಟರ್ನೆಟ್ ತೋರಿಸಿದರು. ತಂತಿ ಎಲ್ಲೂ ಇಲ್ಲ ಅಂತ ನಂಬಿಸೋಕ್ಕೆ ಲ್ಯಾಪ್‌ಟಾಪನ್ನು ಒಂದು ಹುಲಾ ಹೂಪ್ ಒಳಗೆ ತೂರಿಸಿದರು, ನಮ್ಮೂರ ಜಾದೂಗಾರರು ಗಾಳಿಯಲ್ಲಿ ಮಲಗಿಸಿದ ಹುಡುಗಿಯ ಸುತ್ತ ಬಳೆ ಆಡಿಸೋ ಹಾಗೆ! 'ಏರ್‌ಪೋರ್ಟ್' ಅನ್ನೋ ಆ ಡಬ್ಬಿಯ ಬೆಲೆ ೨೯೯ ಡಾಲರ್, ಲ್ಯಾಪ್‌ಟಾಪಿಗೆ ಹಾಕುವ ಕಾರ್ಡಿಗೆ ಇನ್ನೂ ೯೯. ಅದೇ ವರ್ಷ ಕಂಪನಿಗಳು ಕೂಡಿ ಒಂದು ಒಕ್ಕೂಟ ಮಾಡಿಕೊಂಡು, ಹೆಸರು ಕಟ್ಟಿಕೊಡುವ ಸಂಸ್ಥೆಯೊಂದಕ್ಕೆ ದುಡ್ಡು ಕೊಟ್ಟು 'ವೈ-ಫೈ' ಅಂತ ನಾಮಕರಣ ಮಾಡಿಸಿದವು. ಅದಕ್ಕೆ ಅರ್ಥ ಏನೂ ಇಲ್ಲ, 'ಹೈ-ಫೈ'ಗೆ ಪ್ರಾಸ ಅಷ್ಟೇ.

*

ಸರಿ, ಅಪ್ಪನ ಪ್ರಶ್ನೆಗೆ ಬರೋಣ. ಅಮೆರಿಕದ ಗೋಮಾಳ ನಮಗೆ ಗೋಮಾಳ ಆಗಲ್ಲ. ನಮ್ಮಲ್ಲಿ ೧೯೩೩ರ ಕಾಯ್ದೆ ಇನ್ನೂ ಗಟ್ಟಿಯಾಗಿ ಕೂತಿತ್ತು. ಕಟ್ಟಡದ ಒಳಗಿನ ಬಳಕೆಗೆ ಒಂದಿಷ್ಟು ಸಡಿಲಿಕೆ ಸಿಕ್ಕ ಮೇಲೆ, ೨೦೦೫ರ ಜನವರಿ ೨೮ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ೨.೪ರಿಂದ ೨.೪೮೩೫ ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಲೈಸೆನ್ಸಿನಿಂದ ಬಿಡುಗಡೆ ಮಾಡಿತು. ಟ್ರಾನ್ಸ್‌ಮಿಟರಿನ ಶಕ್ತಿ ೧ ವ್ಯಾಟ್ ಮೀರಬಾರದು, ಅಂಟೆನಾದಿಂದ ಹೊರಡುವುದು ೪ ವ್ಯಾಟ್ ಮೀರಬಾರದು, ಅಂಟೆನಾ ಮನೆಯ ಛಾವಣಿಯಿಂದ ೫ ಮೀಟರ್‌ಗಿಂತ ಮೇಲೆ ಹೋಗಬಾರದು. ಎಲ್ಲಕ್ಕಿಂತ ನನಗೆ ಹಿಡಿಸಿದ ಷರತ್ತು ಇದು: ನೀನು ಯಾರಿಗೂ ತೊಂದರೆ ಕೊಡಬಾರದು, ನಿನಗೆ ತೊಂದರೆಯಾದರೆ ರಕ್ಷಣೆ ಕೇಳಬಾರದು. ಗೋಮಾಳದ ನ್ಯಾಯ ಅಂದರೆ ಇದೇ ಅಲ್ವಾ? ೫ ಗಿಗಾಹರ್ಟ್ಸ್ ಪಟ್ಟಿಗೂ ಅವತ್ತೇ ಕಟ್ಟಡದೊಳಗಿನ ಬಳಕೆಗೆ ಅನುಮತಿ ಸಿಕ್ಕಿತು, ೨೦೧೮ರಲ್ಲಿ ಅದೂ ಇನ್ನಷ್ಟು ಸಡಿಲವಾಯಿತು.

ಮಾರನೇ ದಿನ ತಿಂಡಿ ತಿನ್ನುವಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ಅಂದ್ರೆ ೨೦೦೫ರ ತನಕ ಬೇಕಿತ್ತು ಅನ್ನು!" ಅಂತ ಗೆದ್ದ ನಗು ನಕ್ಕರು. ಹಿಂದಿನ ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

*

ಲೈಸೆನ್ಸಿನ ಗೋಡೆ ದಾಟಿದ್ದಾಯಿತು, ಇಟ್ಟಿಗೆ ಗೋಡೆ ಉಳಿದಿತ್ತು.

೨.೪ ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಸುಮಾರು ಅರ್ಧ ಗೇಣು. ೫ರದ್ದು ಅದರ ಅರ್ಧ. ವೇಗ ೫ರಲ್ಲಿ ಜಾಸ್ತಿ, ಗೋಡೆ ದಾಟುವ ತಾಕತ್ತು ೨.೪ರಲ್ಲಿ ಜಾಸ್ತಿ. ಕಬ್ಬಿಣದ ಬೀರು ಎರಡಕ್ಕೂ ಶತ್ರು. ಜೊತೆಗೆ ಮನೆಯೊಳಗೆ ಅಲೆ ಗೋಡೆಗೆ, ನೆಲಕ್ಕೆ, ಬೀರುವಿಗೆ ಬಡಿದು ಪ್ರತಿಧ್ವನಿಯಾಗಿ, ಒಂದೇ ಮಾತು ನಾಲ್ಕು ಸಲ ಹಿಂದೆಮುಂದೆ ಬಂದು ತಲುಪುತ್ತೆ. ಈ ತೊಡಕು ಬಿಡಿಸಿದವರ ಪೈಕಿ ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯ ಜಾನ್ ಒ'ಸಲಿವನ್ ತಂಡವೂ ಒಂದು. ಆತ ೧೯೭೦ರ ದಶಕದಲ್ಲಿ ಹುಡುಕುತ್ತಿದ್ದದ್ದು ಸ್ಫೋಟಗೊಳ್ಳುವ ಪುಟ್ಟ ಕಪ್ಪುರಂಧ್ರಗಳ ರೇಡಿಯೋ ಸದ್ದನ್ನು! ಅದು ಸಿಗಲಿಲ್ಲ. ಆದರೆ ಕಲೆಸಿಹೋದ ಅಲೆಯನ್ನು ಬಿಡಿಸುವ ಆ ಗಣಿತ, ಕೋಣೆಯೊಳಗಿನ ಪ್ರತಿಧ್ವನಿ ಬಿಡಿಸೋಕ್ಕೆ ಬಂತು. ೧೯೯೬ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಮುಂದೆ ಕೋರ್ಟು ಕಚೇರಿ ಅಲೆದು, ರಾಜಿಯಾಗಿ, ಸಂಸ್ಥೆಗೆ ಬಂದ ಹಣ ೪೦ ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು. ಕಪ್ಪುರಂಧ್ರ ಹುಡುಕೋಕ್ಕೆ ಹೋದವರಿಗೆ ಚಿನ್ನದ ಗಣಿ!

ಗಣಿತ ಎಷ್ಟಿದ್ದರೂ ಒಂದೂವರೆ ಅಡಿ ಗೋಡೆ ಒಂದೂವರೆ ಅಡಿ ಗೋಡೆಯೇ. ಫೋನ್ ಹಿಡಿದುಕೊಂಡು ಮನೆಯೆಲ್ಲ ಸುತ್ತಿ ಸಿಗ್ನಲ್ ಅಳೆದೆ. ಬೀರುವಿನ ಪಕ್ಕ ಇಟ್ಟೆ, ಆಗಲಿಲ್ಲ. ಅಡುಗೆಮನೆ ಬಾಗಿಲ ಮೇಲೆ ಇಟ್ಟೆ. ಅಮ್ಮ ಓವನ್ನಿನಲ್ಲಿ ಹಾಲು ಬಿಸಿ ಮಾಡಿದಾಗಲೆಲ್ಲ ನನ್ನ ಮೀಟಿಂಗ್ ಸತ್ತುಹೋಗ್ತಿತ್ತು. ಎರಡೂ ಒಂದೇ ಗೋಮಾಳದ ದನಗಳಲ್ಲವೇ! ಕೊನೆಗೆ ಉದ್ದನೆ ಕೇಬಲ್ ತಂದು, ರೂಟರನ್ನು ನಡುಮನೆಯ ಗೋಡೆಯಲ್ಲಿ ಎದೆಮಟ್ಟಕ್ಕಿಂತ ಸ್ವಲ್ಪ ಮೇಲಿದ್ದ ಮರದ ಹಲಗೆಯ ಮೇಲೆ ಇಟ್ಟೆ. ಮೂರು ಕಡೆ ಬಾಗಿಲು, ಸುತ್ತ ಕಬ್ಬಿಣ ಇಲ್ಲ. ೨.೪ರ ಚಾನೆಲ್ ೧೧ಕ್ಕೆ ಹಾಕಿದೆ, ಅಕ್ಕಪಕ್ಕದ ಮನೆಯವರೆಲ್ಲ ೧ ಮತ್ತು ೬ರಲ್ಲಿ ಕೂತಿದ್ದರು. ಹಿಂದಿನ ಕೋಣೆಯಲ್ಲಿ ಮೂರು ಗೀಟು ಬಂತು!

ಅಪ್ಪ ನೋಡ್ತಾ ನಿಂತಿದ್ದರು. "ಅದು ರೇಡಿಯೋ ಹಲಗೆ ಕಣೋ" ಅಂದರು.

ತಾತನೂ ಹಾಗೇ ಹುಡುಕಿದ್ದರಂತೆ. ಎಲ್ಲಿಟ್ಟರೆ ಅಡುಗೆಮನೆಯಲ್ಲಿ ಅಜ್ಜಿಗೂ, ಜಗುಲಿಯಲ್ಲಿ ಕೂತವರಿಗೂ, ಹಿಂದೆ ಓದುವ ಮಕ್ಕಳಿಗೂ ಕೇಳುತ್ತೆ ಅಂತ ನೋಡಿ ನೋಡಿ, ಅಲ್ಲಿ ಹಲಗೆ ಹೊಡೆಸಿದ್ದರಂತೆ.

*

ಕೊನೆಯದು ಬೀಗದ ವಿಷಯ. ನಾನು ಮೊದಲ ಸಲ ವೈರ್‌ಲೆಸ್ ಹಾಕಿಕೊಂಡದ್ದು ೨೦೦೭ರಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಡಬ್ಬಿಯಿಂದ. ಪಾಸ್‌ವರ್ಡ್ ಹಾಕಿರಲೇ ಇಲ್ಲ. ಹಾಕಿದ್ದರೂ ಆಗಿನ 'ವೆಪ್' ಅನ್ನೋ ಬೀಗ ೨೦೦೧ರಲ್ಲೇ ಮುರಿದುಹೋಗಿತ್ತು. ಗಟ್ಟಿ ಬೀಗಗಳಾದ 'ಡಬ್ಲ್ಯುಪಿಎ' ೨೦೦೩ರಲ್ಲಿ, 'ಡಬ್ಲ್ಯುಪಿಎ೨' ೨೦೦೪ರಲ್ಲಿ ಬಂದಿದ್ದರೂ ಉದಾಸೀನ. ೨೦೦೮ರ ಜುಲೈ ೨೬ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಸ್ವಲ್ಪ ಮೊದಲು ಬಂದ ಬೆದರಿಕೆಯ ಇಮೇಲ್, ನವಿ ಮುಂಬೈಯ ಮನೆಯೊಂದರ ಬೀಗವಿಲ್ಲದ ವೈ-ಫೈ ಮೂಲಕ ಹೋಗಿತ್ತು ಅಂತ ಗೊತ್ತಾದಾಗ ನಡುಕ ಬಂತು. ಆ ಮನೆಯವರು ಕಳಿಸಿದ್ದಲ್ಲ, ಆದರೆ ಪೊಲೀಸರು ಬಂದದ್ದು ಅವರ ಬಾಗಿಲಿಗೆ. ಅವತ್ತೇ ನಾನೂ ಬೀಗ ಹಾಕಿದೆ. ಆ ಸುದ್ದಿ ಪೇಪರಿನಲ್ಲಿ ಓದಿದ್ದ ಅಪ್ಪ "ಪಾಸ್‌ವರ್ಡ್ ಯಾರಿಗೂ ಹೇಳಬೇಡ" ಅಂತ ೨೦೨೦ರಲ್ಲೂ ಜ್ಞಾಪಿಸಿದ್ದರು.

ಜುಲೈಯಲ್ಲಿ ಒಂದು ಸಂಜೆ, ಬೀದಿ ಕೊನೆಯಲ್ಲಿ ಹೂವು ಮಾರುವಾಕೆ ಏಳನೇ ಕ್ಲಾಸಿನ ಮಗಳನ್ನು ಕರಕೊಂಡು ಬಂದಳು. ಸ್ಕೂಲು ಮುಚ್ಚಿದೆ, ಮೇಷ್ಟ್ರು ವಾಟ್ಸ್ಯಾಪಿನಲ್ಲಿ ಪಾಠದ ವಿಡಿಯೋ ಕಳಿಸ್ತಾರೆ, ಇರುವ ಒಂದೇ ಫೋನಿನ ಡೇಟಾ ಮಧ್ಯಾಹ್ನಕ್ಕೇ ಮುಗಿಯುತ್ತೆ. "ಸಾರ್, ನಿಮ್ಮನೇಲಿ ವೈಫೈ ಹಾಕವ್ರಂತೆ..." ಅಂತ ಅರ್ಧಕ್ಕೇ ನಿಲ್ಲಿಸಿದಳು. ನಾನು ಅಪ್ಪನ ಮುಖ ನೋಡಿದೆ. ಏನು ಹೇಳ್ತಾರೋ ಅಂತ ನನಗೇ ಅಳುಕು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಲೈಸೆನ್ಸು ನಮ್ಮಪ್ಪನ ಹೆಸರಲ್ಲಿತ್ತು" ಅಂದರು ನನಗೆ. "ಆದರೆ ಸಾಯಂಕಾಲ ವಾರ್ತೆ ಹೊತ್ತಿಗೆ ಈ ಜಗುಲಿ ತುಂಬ ಬೀದಿಯವರೇ. ಯಾರನ್ನೂ ಎದ್ದು ಹೋಗಿ ಅಂದಿದ್ದು ನಾನು ನೋಡಲಿಲ್ಲ. ಬಾ ಮಗು, ಜಗುಲಿ ಮೇಲೆ ಕೂತ್ಕೋ."

ರೂಟರಿನಲ್ಲಿ ಅತಿಥಿಗಳಿಗೆ ಅಂತ ಬೇರೆ ನೆಟ್‌ವರ್ಕ್, ಬೇರೆ ಪಾಸ್‌ವರ್ಡ್ ಮಾಡುವ ಸೌಲಭ್ಯ ಇರುತ್ತೆ. ನಮ್ಮ ಕಂಪ್ಯೂಟರುಗಳ ಕಡೆ ಅಲ್ಲಿಂದ ದಾರಿ ಇರಲ್ಲ. ಐದು ನಿಮಿಷದ ಕೆಲಸ. ಹೆಸರು ಏನು ಇಡಲಿ ಅಂದಾಗ ಅಪ್ಪ 'ಜಗುಲಿ' ಅಂದರು. ಪಾಸ್‌ವರ್ಡ್ ನಾನೇ ಅವಳ ಫೋನಿಗೆ ಹಾಕಿಕೊಟ್ಟೆ. ಆ ವರ್ಷವೆಲ್ಲ ಮಾಸ್ಕ್ ಹಾಕಿಕೊಂಡು ಕಂಬಕ್ಕೆ ಒರಗಿ ಅವಳು ಪಾಠ ಕೇಳಿದಳು. ಆಮೇಲೆ ಇನ್ನಿಬ್ಬರು ಹುಡುಗರೂ ಸೇರಿಕೊಂಡರು. ಅವಳು ಈಗ ಕಾಲೇಜಿಗೆ ಹೋಗ್ತಾಳೆ.

೨೦೨೩ರಲ್ಲಿ ಆ ಎರಡೂ ಹಳೇ ಕಾಯ್ದೆಗಳ ಜಾಗಕ್ಕೆ ಅಂತ ಸಂಸತ್ತು ಹೊಸ ದೂರಸಂಪರ್ಕ ಕಾಯ್ದೆ ಅಂಗೀಕರಿಸಿತು. ೬ ಗಿಗಾಹರ್ಟ್ಸ್ ಪಟ್ಟಿಯನ್ನು ಅಮೆರಿಕ ೨೦೨೦ರಲ್ಲೇ ಇಡಿಯಾಗಿ ವೈ-ಫೈಗೆ ಬಿಟ್ಟಿತ್ತು, ನಮ್ಮಲ್ಲಿ ಅದರ ಕೆಳಗಿನ ಭಾಗವನ್ನು ಬಿಡುವ ಕರಡು ನಿಯಮ ೨೦೨೫ರ ಮೇ ತಿಂಗಳಲ್ಲಿ ಬಂತು. ಮೊಬೈಲ್ ಕಂಪನಿಗಳು ಆ ಪಟ್ಟಿ ತಮಗೆ ಬೇಕು ಅಂತ ಕೇಳಿಕೊಂಡೇ ಬಂದಿವೆ. ಗೋಮಾಳ ಇದ್ದ ಕಡೆ ಬೇಲಿ ಹಾಕುವವರೂ ಇರ್ತಾರೆ, ಹಳ್ಳಿಯಲ್ಲಾದರೂ ಅಷ್ಟೇ, ಆಕಾಶದಲ್ಲಾದರೂ ಅಷ್ಟೇ. ಇಂಥ ಸುದ್ದಿ ಪೇಪರಿನಲ್ಲಿ ಬಂದಾಗ ನಮಗಲ್ಲ ಅಂತ ಪುಟ ತಿರುವಬೇಡಿ. ಅದು ನಮ್ಮ ಜಗುಲಿಯ ವಿಷಯ.

ತಾತನ ಪುಸ್ತಕ ಈಗ ಅದೇ ಹಲಗೆಯ ಮೇಲೆ ರೂಟರಿನ ಕೆಳಗಿದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಪುಸ್ತಕ ಇರಬಹುದು, ಬೀರುವಿನಲ್ಲಿ ಹುಡುಕಿ ನೋಡಿ. ಸಿಕ್ಕರೆ ಹೇಳ್ತೀರಲ್ಲ?